ಸೈಕಲ್ ಜೇಬಿಗೆ ಕರದಂಟು: ಮನೇಲೇ ಡ್ರೈಫ್ರೂಟ್ ಬಾರ್ ಮಾಡೋ ಪ್ರಯತ್ನ, ಇಲ್ಲಿವರೆಗೆ

ಜೂನ್ 8, ಭಾನುವಾರ

ಇವತ್ತಿಂದ ಬರೆದಿಡ್ತೀನಿ, ಯಾಕಂದ್ರೆ ಹೋದ ತಿಂಗಳು ಎರಡು ಸಲ ಮಾಡಿದ್ದು ಯಾವ ಅಳತೇಲಿ ಅಂತಾನೇ ಈಗ ನೆನಪಿಲ್ಲ.

ಭಾನುವಾರ ಬೆಳಿಗ್ಗೆ ಹೆಬ್ಬಾಳದಿಂದ ನಂದಿ ಬೆಟ್ಟಕ್ಕೆ ಸೈಕಲ್ ಹೊಡೀತೀನಿ, ಹೋಗಿ ಬರೋದು ಹತ್ರ ಹತ್ರ ನೂರು ಕಿ.ಮೀ. ದೇವನಹಳ್ಳಿವರೆಗೂ ಏನೂ ಅನ್ಸಲ್ಲ, ಬೆಟ್ಟದ ಬುಡ ಮುಟ್ಟಿ ಕೊನೆ ಏಳೆಂಟು ಕಿ.ಮೀ. ಏರು ಶುರುವಾದಾಗ ಹೊಟ್ಟೆ ಖಾಲಿ ಇದ್ರೆ ಕಾಲು ಅಲ್ಲೇ ನಿಂತು ಬಿಡುತ್ತೆ, ಕಣ್ಣಿಗೆ ಕತ್ತಲೆ ಬರುತ್ತೆ. ಒಂದು ತಾಸಿಗಿಂತ ಜಾಸ್ತಿ ಸೈಕಲ್ ಹೊಡೆಯೋರಿಗೆ ತಾಸಿಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್ ಬೇಕು ಅಂತಾರೆ, ಬಾಳೆಹಣ್ಣು ಜೇಬಲ್ಲಿ ಕಿಚಡಿ ಆಗುತ್ತೆ, ಅಂಗಡಿ ಬಾರ್ ತಗೊಂಡ್ರೆ ತಿಂಗಳಿಗೆ ಸಾವಿರ ರೂಪಾಯಿ ಹತ್ರ ಹೋಗುತ್ತೆ, ಮತ್ತೆ ಯಾವ ಹೆಸರಿಂದು ತಗೊಂಡ್ರೂ ಬಾಯಲ್ಲಿ ಅದೇ ಒಂದು ರುಚಿ.

ನನಗೆ ಬೇಕಾಗಿರೋದು ಇಷ್ಟು. ಒಂದು ಕೈಯಲ್ಲಿ ತಿನ್ನೋಕಾಗ್ಬೇಕು. ಏದುಸಿರು ಬಿಡ್ತಿರುವಾಗ ಅಗಿಯೋಕಾಗ್ಬೇಕು, ಅಂದ್ರೆ ಚಿಕ್ಕಿ ಥರ ಗಟ್ಟಿ ಇರಬಾರ್ದು. ಬೆನ್ನ ಹಿಂದಿನ ಜೇಬಲ್ಲಿ ಐದು ತಾಸು ಮೈ ಕಾವಿಗೆ ಕರಗಬಾರ್ದು, ಉದುರಲೂಬಾರ್ದು. ಫ್ರಿಜ್ ಇಲ್ದೇ ಎರಡು ವಾರ ಇರ್ಬೇಕು.

ಇವತ್ತಿನ ಪ್ರಯತ್ನ ಬರೀ ಖರ್ಜೂರ. 300 ಗ್ರಾಂ ಬೀಜ ತೆಗೆದ ಖರ್ಜೂರ, 200 ಗ್ರಾಂ ಹುರಿದ ಶೇಂಗಾ, 50 ಗ್ರಾಂ ಬಾದಾಮಿ. ಖರ್ಜೂರನ ಒಣ ಜಾರಲ್ಲೇ ಹಾಕಿ ತಿರುಗಿಸಿದೆ, ಒಂದು ನಿಮಿಷದೊಳಗೆ ಅದೆಲ್ಲಾ ಒಂದೇ ಮುದ್ದೆಯಾಗಿ ಬ್ಲೇಡಿಗೆ ಸುತ್ಕೊಂಡು ಮಿಕ್ಸಿ ಕಾದು ವಾಸನೆ ಬಂತು. ತಕ್ಷಣ ಆಫ್ ಮಾಡ್ದೆ. ಮಿಕ್ಸಿ ಬದುಕಿದೆ. ಬಾರ್ ತಿನ್ನೋಕೆ ಚೆನ್ನಾಗೇ ಇತ್ತು, ಆದ್ರೆ ಪೇಪರ್‌ಗೆ ಅಂಟ್ಕೊಳ್ತು, ಗಾಡಿ ಮೇಲೆ ಅರ್ಧ ಬಾರ್ ಬಾಯಿಗೆ, ಅರ್ಧ ಗ್ಲೌಸ್‌ಗೆ.

ಜೂನ್ 15

ಓಟ್ಸ್, ಜೇನುತುಪ್ಪ, ಒಣದ್ರಾಕ್ಷಿ, ಶೇಂಗಾ. ಎಲ್ಲಾ ಕಡೆ ಇದನ್ನೇ ಹೇಳ್ತಾರೆ ಅಂತ ಮಾಡ್ದೆ. ಟ್ರೇಯಲ್ಲಿ ನೋಡೋಕೆ ಸುಂದರವಾಗಿತ್ತು. ಮಾರನೇ ದಿನ ಮಳೆ ಬಂತು, ಸಂಜೆ ಹೊತ್ತಿಗೆ ಮೇಲೆಲ್ಲಾ ಬೆವರು ಬಂದ ಹಾಗೆ ಜಿಗುಟು. ಜೇನು ಗಾಳೀಲಿರೋ ತೇವ ಎಳ್ಕೊಳ್ಳುತ್ತೆ, ಕಾಯಿಸಿ ಗಟ್ಟಿ ಮಾಡದಿದ್ರೆ ಅದು ಹಿಡಿದಿಡೋದೂ ಇಲ್ಲ. ಚಾಕು ಇಟ್ಟ ಕಡೆಯಿಂದ ಉದುರ್ತಾ ಹೋಯ್ತು. ಉಳಿದಿದ್ದನ್ನ ಬೆಳಿಗ್ಗೆ ಹಾಲಿಗೆ ಹಾಕ್ಕೊಂಡು ತಿಂದ್ವಿ.

ಜೂನ್ 22

ಇವತ್ತು ಅವ್ವನ ಹತ್ರ ಫೋನಲ್ಲಿ ಮಾತಾಡ್ತಾ ಹೀಗೀಗೆ ಅಂದೆ. ಅವ್ವ ಪೂರ್ತಿ ಕೇಳಿ ಒಂದೇ ಮಾತು ಅಂದ್ರು, "ಅದು ಕರದಂಟಲ್ಲೇನವಾ? ಅದನ್ನ ಮಾಡಾಕ ಇಷ್ಟ್ಯಾಕ ಒದ್ದಾಡ್ತಿ."

ನಾನು ಅಷ್ಟು ಹೊತ್ತು ಸುಮ್ಮನೆ ನಿಂತ್ಕೊಂಡಿದ್ದೆ. ನಮ್ಮೂರು ಇಳಕಲ್. ಬಾಗಲಕೋಟೆಗೆ ಹೋಗ್ಬೇಕಂದ್ರೆ ಹುನಗುಂದ ಆದ್ಮೇಲೆ ಅಮೀನಗಡ ದಾಟೇ ಹೋಗ್ಬೇಕು, ಅಲ್ಲಿ ರೋಡ್ ಪಕ್ಕ ಸಾಲಾಗಿ ಕರದಂಟಿನ ಅಂಗಡಿ, ಬಸ್ ನಿಂತ್ರೆ ಅಪ್ಪ ಇಳಿದು ಒಂದು ಪಾಕೀಟು ತರ್ತಿದ್ರು. ಗೋಕಾಕದ್ದು ಚಲೋನೋ ಅಮೀನಗಡದ್ದು ಚಲೋನೋ ಅನ್ನೋ ವಾದ ನಮ್ಮ ಕಡೆ ಮದುವೆ ಮನೇಲೂ ನಡಿಯುತ್ತೆ. ಹೆಸರಲ್ಲೇ ಇದೆ, ಕರಿದ ಅಂಟು. ಅಂಟು ಅಂದ್ರೆ ಮರದ ಅಂಟು, ಅದನ್ನ ತುಪ್ಪದಲ್ಲಿ ಕರಿದು ಒಣಕೊಬ್ಬರಿ, ಗೋಡಂಬಿ, ಬಾದಾಮಿ, ಉತ್ತತ್ತಿ, ಒಣದ್ರಾಕ್ಷಿ ಜೊತೆ ಬೆಲ್ಲದ ಪಾಕದಲ್ಲಿ ಕಟ್ಟೋದು. ಬಾಣಂತಿಗೆ ಅಂಟಿನುಂಡಿ ಕೊಡ್ತಾರಲ್ಲ, ಅದರದ್ದೇ ಬಳಗ. ಹಣ್ಣು, ಬೀಜ, ಸಿಹಿ, ಜಿಡ್ಡು ಎಲ್ಲಾ ಅದರಲ್ಲೇ ಇದೆ, ವಾರಗಟ್ಟಲೆ ಕೆಡಲ್ಲ, ಬಸ್ಸಲ್ಲಿ ಒಯ್ಯೋ ತಿಂಡಿ. ಚಿಕ್ಕಂದಿನಿಂದ ತಿಂದಿದ್ದನ್ನ ಬಿಟ್ಟು ನಾನು ಓಟ್ಸ್ ಹಿಂದೆ ಹೋಗಿದ್ದೆ.

ಆದ್ರೆ ಕರದಂಟು ಸ್ವಲ್ಪ ಗಟ್ಟಿ, ಹಲ್ಲಿಗೆ ಕೆಲಸ ಜಾಸ್ತಿ. ಗಾಡಿ ಮೇಲೆ ಅಗಿಯೋ ಹಾಗೆ ಮೆತ್ತಗೆ ಮಾಡೋದು ಹೇಗೆ ಅನ್ನೋದೇ ಇನ್ನು ಮುಂದಿನ ಕೆಲಸ.

ಜೂನ್ 28, ಶನಿವಾರ

ಅಂಟು ತಂದೆ, ತಪ್ಪು ಅಂಟು. ಅಂಗಡೀಲಿ "ತಿನ್ನೋ ಅಂಟು" ಅಂತ ಕೇಳಿದ್ದಕ್ಕೆ ಗೋಂದ್ ಕತೀರಾ ಕೊಟ್ಟಿದ್ರು, ನಂಗೂ ನೋಡಿದ ಕೂಡಲೇ ಗೊತ್ತಾಗ್ಲಿಲ್ಲ. ತುಪ್ಪಕ್ಕೆ ಹಾಕಿದ್ರೆ ಅರಳ್ಲೇ ಇಲ್ಲ, ಅಂಚಲ್ಲಿ ಕೆಂಪಾಗಿ ಹಾಗೇ ಕೂತಿತ್ತು. ಅವ್ವನಿಗೆ ವಿಡಿಯೋ ಕಾಲಲ್ಲಿ ತೋರಿಸ್ದೆ. "ಅಯ್ಯ, ಅದು ನೀರಾಗ ನೆನೆಸೂ ಅಂಟವಾ, ತುಪ್ಪಕ್ಕ ಹಾಕೂದಲ್ಲ" ಅಂದ್ರು. ಅದು ನೀರಲ್ಲಿ ರಾತ್ರಿಯೆಲ್ಲಾ ನೆನೆದ್ರೆ ಲೋಳೆ ಥರ ಉಬ್ಬುತ್ತೆ, ಬೇಸಿಗೇಲಿ ಶರಬತ್ತಿಗೆ ಹಾಕ್ತಾರೆ. ನಮಗೆ ಬೇಕಾಗಿರೋದು ಜಾಲಿ ಜಾತಿ ಮರದಿಂದ ಬರೋ ಅಂಟು, ತಿಳಿ ಹಳದಿ ಇಲ್ಲಾ ಜೇನು ಬಣ್ಣದ ಹರಳು, ಬೆಳಕಿಗೆ ಹಿಡಿದ್ರೆ ಗಾಜಿನ ಥರ ಕಾಣ್ಬೇಕು. ಕತೀರಾ ಮಾಸಲು ಬಿಳಿ, ಚಪ್ಪಟೆ ಚಕ್ಕೆ. ಯಾರಾದ್ರೂ ತರೋದಿದ್ರೆ ಇದನ್ನ ನೋಡಿ ತನ್ನಿ, 100 ಗ್ರಾಂ ಅಂಟಿನ ಜೊತೆ ನನ್ನ ತುಪ್ಪಾನೂ ಹಾಳಾಯ್ತು.

ಜುಲೈ 5

ಸರಿಯಾದ ಅಂಟು ಸಿಕ್ತು. ಮೊದಲು ಅರ್ಧ ದಿನ ಬಿಸಿಲಿಗೆ ಇಟ್ಟೆ, ಒಳಗೆ ತೇವ ಇದ್ರೆ ಸರಿ ಅರಳಲ್ಲ ಅಂತ ಅವ್ವ ಹೇಳಿದ್ರು. ದೊಡ್ಡ ಹರಳನ್ನ ಕುಟ್ಟಾಣೀಲಿ ಒಂದೇ ಏಟು ಹಾಕಿ ತೊಗರಿಬೇಳೆ ಗಾತ್ರಕ್ಕೆ ತಂದೆ. ಇದು ಮುಖ್ಯ, ಎಲ್ಲಾ ಒಂದೇ ಅಳತೆ ಇಲ್ದಿದ್ರೆ ಸಣ್ಣದು ಸುಡುತ್ತೆ, ದೊಡ್ಡದು ಒಳಗೆ ಹಸಿ ಉಳಿಯುತ್ತೆ.

ತುಪ್ಪ ಹದವಾಗಿ ಕಾದಾಗ ನಾಲ್ಕು ಹರಳು ಹಾಕಿ. ಒಂದು ಕ್ಷಣ ತಳದಲ್ಲೇ ಇರುತ್ತೆ, ಆಮೇಲೆ ಸುತ್ತ ಸಣ್ಣ ಗುಳ್ಳೆ, ಹರಳು ನಡುಗೋಕೆ ಶುರು, ಮೇಲೆ ಬರುತ್ತೆ, ನೋಡ್ತಾ ನೋಡ್ತಾ ಗಾಜಿನ ಹಾಗಿದ್ದದ್ದು ಬೆಳ್ಳಗೆ ಉಬ್ಬಿ ಮಂಡಕ್ಕಿ ಥರ ಆಗುತ್ತೆ, ಮೂರು ಪಟ್ಟಾದ್ರೂ ದೊಡ್ಡದು. ಆಗಲೇ ತೆಗೀಬಾರ್ದು. ಒಂದನ್ನ ತೆಗೆದು ಆರಿಸಿ ಬೆರಳಲ್ಲಿ ಹಿಸುಕಿ ನೋಡ್ಬೇಕು, ಪೂರ್ತಿ ಪುಡಿಯಾದ್ರೆ ಸರಿ, ನಡುವೆ ಮರಳು ಕಾಳಿನಷ್ಟು ಗಟ್ಟಿ ಸಿಕ್ಕಿದ್ರೆ ಇನ್ನೂ ಆಗಿಲ್ಲ. ಆ ಕಾಳೇ ತಿನ್ನೋವಾಗ ಹಲ್ಲಿಗೆ ಮೇಣದ ಹಾಗೆ ಅಂಟೋದು. ನನ್ನ ಮೊದಲ ಎರಡು ಬಾರಿ ಅಂಟು ಹಾಗೇ ಆಗಿತ್ತು, ಉರಿ ಜೋರು ಮಾಡಿದ್ದೆ, ಹೊರಗೆ ಅರಳಿ ಒಳಗೆ ಹಸಿ. ಮೂರನೇ ಸಲ ಉರಿ ಸಣ್ಣ ಮಾಡಿ ಸ್ವಲ್ಪ ಸ್ವಲ್ಪಾನೇ ಕರಿದೆ, ಎಲ್ಲಾ ಪುಡಿ ಆಯ್ತು. 30 ಗ್ರಾಂ ಅಂಟು ಕರಿದ್ರೆ ದೊಡ್ಡ ಬಟ್ಟಲು ತುಂಬುತ್ತೆ.

ಇದರ ಜೊತೆ ಪಾಕ ಮಾಡಿ ಪೂರ್ತಿ ಕರದಂಟಿನ ಥರಾನೇ ಕಟ್ಟಿದೆ. ರುಚಿ ನಮ್ಮೂರಿಂದೇ. ಮನೇಲಿ ಎಲ್ರೂ ಖುಷಿಯಾದ್ರು. ಆದ್ರೆ ಕಲ್ಲು, ಚಾಕು ಮೇಲೆ ಲಟ್ಟಣಿಗೆ ಇಟ್ಟು ಹೊಡೆದು ತುಂಡು ಮಾಡಿದ್ವಿ.

ಜುಲೈ 12

ಪಾಕದ ಬಗ್ಗೆ ಇವತ್ತು ಒಂದು ಸಂಗತಿ ಗೊತ್ತಾಯ್ತು, ನಂಗೆ ಇಡೀ ತಿಂಗಳಲ್ಲಿ ಇದೇ ದೊಡ್ಡ ಸಂತೋಷ.

ಅಡುಗೆ ಥರ್ಮಾಮೀಟರ್ ತಗೊಂಡಿದ್ದೆ. ಪುಸ್ತಕದ ಲೆಕ್ಕದಲ್ಲಿ ಮೆತ್ತನೆ ಉಂಡೆ ಪಾಕ 112ರಿಂದ 116 ಡಿಗ್ರಿ. ಹೋದ ವಾರ ನಾನು 117ಕ್ಕೆ ಇಳಿಸಿದ್ದೆ, ಒಂದು ಡಿಗ್ರಿ ಹೆಚ್ಚು ಅಷ್ಟೇ ಅಲ್ವಾ, ಕಲ್ಲಾಗೋಷ್ಟು ಹೇಗೆ? ಥರ್ಮಾಮೀಟರೇ ಸರಿ ಇಲ್ವೇನೋ ಅಂತ ಕುದಿಯೋ ನೀರಲ್ಲಿ ಇಟ್ಟು ನೋಡ್ದೆ, 97 ತೋರಿಸ್ತು. ವಾಪಸ್ ಕೊಡೋಣ ಅನ್ಕೊಂಡೆ. ಆಮೇಲೆ ಹೊಳೀತು, ಬೆಂಗಳೂರು ಸಮುದ್ರ ಮಟ್ಟದಿಂದ 900 ಮೀಟರ್ ಮೇಲಿದೆ, ಇಲ್ಲಿ ಗಾಳಿ ಒತ್ತಡ ಕಮ್ಮಿ, ನೀರು ಕುದಿಯೋದೇ 97ಕ್ಕೆ. ಪಾಕ ಅಂದ್ರೆ ನೀರು ಆವಿಯಾಗಿ ಹೋಗ್ತಾ ಬೆಲ್ಲ ಗಟ್ಟಿಯಾಗೋದು, ಆ ಲೆಕ್ಕ ಪೂರ್ತಿ ಮೂರು ಡಿಗ್ರಿ ಕೆಳಗೆ ಬರ್ಬೇಕು. ನನ್ನ 117 ಅಂದ್ರೆ ಪುಸ್ತಕದ 120, ಅದು ಗಟ್ಟಿ ಉಂಡೆ ಪಾಕದ ಬಾಗಿಲು. ಅಂದ್ರೆ ಇಲ್ಲಿ 110-111ಕ್ಕೆ ಇಳಿಸಿದ್ರೆ ಮೆತ್ತಗೆ ಸಿಗ್ಬೇಕು.

ಅವ್ವನ ಲೆಕ್ಕದಲ್ಲಿ ಇದ್ಯಾವ್ದೂ ಇಲ್ಲ, ತಣ್ಣೀರಿನ ಬಟ್ಟಲಿಗೆ ಒಂದು ಹನಿ ಪಾಕ ಬಿಟ್ಟು ಬೆರಳಲ್ಲಿ ಕೂಡಿಸಿದ್ರೆ ಉಂಡೆ ಆಗ್ಬೇಕು, ಒತ್ತಿದ್ರೆ ಚಪ್ಪಟೆ ಆಗ್ಬೇಕು. ಇವತ್ತು ಎರಡನ್ನೂ ಒಟ್ಟಿಗೆ ಮಾಡಿದೆ, ಥರ್ಮಾಮೀಟರ್ 110 ತೋರಿಸಿದಾಗ ಬಟ್ಟಲಲ್ಲಿ ಸರಿಯಾಗಿ ಅದೇ ಮೆತ್ತನೆ ಉಂಡೆ. ಬಟ್ಟಲಿನ ಪರೀಕ್ಷೆ ಇಳಕಲ್‌ಗೂ ಸರಿ, ಬೆಂಗಳೂರಿಗೂ ಸರಿ, ಯಾವ ಎತ್ತರಕ್ಕೂ ಸರಿ.

ಜುಲೈ 19

ಹೊಸ ಯೋಚನೆ, ಪಾಕ ಕಮ್ಮಿ ಮಾಡಿ ಆ ಜಾಗಕ್ಕೆ ಖರ್ಜೂರ. ಖರ್ಜೂರ ಮೆತ್ತಗಿಡುತ್ತೆ, ಪಾಕ ಹಿಡಿದಿಡುತ್ತೆ, ಕರಿದ ಅಂಟು ನಡುನಡುವೆ ಗರಿಗರಿ ಕೊಡುತ್ತೆ, ಒಂದೇ ಸಮ ಮುದ್ದೆ ಅನ್ಸಲ್ಲ. ಈ ಸಲದ ಅಳತೆ:

ಬೀಜ ತೆಗೆದ ಮೆತ್ತನೆ ಖರ್ಜೂರ 250 ಗ್ರಾಂ, ಹುರಿದು ಸಿಪ್ಪೆ ತೆಗೆದ ಶೇಂಗಾ 150, ಒಣದ್ರಾಕ್ಷಿ 100 (ವಿಜಯಪುರದ ಕಡೆಯದು, ಊರಿಂದ ಬಂದಿತ್ತು), ಬೆಲ್ಲ 100, ಬಾದಾಮಿ 50, ತುರಿದು ಹುರಿದ ಒಣಕೊಬ್ಬರಿ 30, ಅಂಟು 30, ತುಪ್ಪ 25. ಏಲಕ್ಕಿ, ಚೂರು ಜಾಜಿಕಾಯಿ, ಕಾಲು ಚಮಚ ಉಪ್ಪು. ಉಪ್ಪು ಕರದಂಟಿಗೆ ಹಾಕಲ್ಲ, ನಾನು ಬೆವರೋದಕ್ಕೆ ಅಂತ ಹಾಕಿದ್ದು, ರುಚಿಗೂ ಒಳ್ಳೇದಾಯ್ತು.

ಮಿಕ್ಸಿಗೆ ಈ ಸಲ ಖರ್ಜೂರ ಹಾಕ್ಲೇ ಇಲ್ಲ. ಚಾಕುವಲ್ಲಿ ಹೆಚ್ಚಿ, ದಪ್ಪ ತಳದ ಬಾಣಲೇಲಿ ತುಪ್ಪದ ಜೊತೆ ಸಣ್ಣ ಉರೀಲಿ ಐದಾರು ನಿಮಿಷ ಸೌಟಲ್ಲಿ ಒತ್ತುತ್ತಾ ಇದ್ರೆ ತಾನೇ ಮಿದುವಾಗಿ ಸೇರ್ಕೊಳ್ಳುತ್ತೆ, ಒಳಗಿನ ನೀರಿನಂಶಾನೂ ಸ್ವಲ್ಪ ಹೋಗುತ್ತೆ, ಕೆಡೋದು ಕಮ್ಮಿ. ಬೆಲ್ಲಕ್ಕೆ ಮುಳುಗೋಷ್ಟು ನೀರು ಹಾಕಿ ಕರಗಿಸಿ ಸೋಸಿ (ಸೋಸದೇ ಬಿಡ್ಬೇಡಿ, ನಂಗೆ ಒಂದು ಸಲ ಮರಳು ಸಿಕ್ಕಿತ್ತು) ಪಾಕ 110ಕ್ಕೆ ಬಂದ ಕೂಡಲೇ ಖರ್ಜೂರಕ್ಕೆ ಸುರಿದೆ, ಆಮೇಲೆ ಬೀಜ, ದ್ರಾಕ್ಷಿ, ಕೊಬ್ಬರಿ. ಅಂಟನ್ನ ಕೊನೇಲಿ, ಒಲೆ ಆರಿಸಿದ ಮೇಲೆ, ಕೈಯಲ್ಲಿ ಅರೆಬರೆ ಪುಡಿ ಮಾಡಿ ಹಾಕಿದೆ, ಮೊದಲೇ ಹಾಕಿದ್ರೆ ಮೆತ್ತಗಾಗಿ ಗರಿ ಹೋಗುತ್ತೆ. 20 ಸೆ.ಮೀ. ಚೌಕದ ಟ್ರೇಗೆ ತುಪ್ಪ ಸವರಿ ಹರಡಿ, ಮೇಲೆ ಒಂದು ಪೇಪರ್ ಇಟ್ಟು ಬಟ್ಟಲಿನ ತಳದಿಂದ ಗಟ್ಟಿಯಾಗಿ ಒತ್ತಿದೆ. ಒತ್ತೋದ್ರಲ್ಲಿ ಸೋಮಾರಿತನ ಮಾಡಿದ್ರೆ ಆಮೇಲೆ ಉದುರೋದು ಖಂಡಿತ.

ಕತ್ತರಿಸೋದಕ್ಕೂ ಹೊತ್ತು ಇದೆ. ಬಿಸಿ ಇದ್ದಾಗ ಕತ್ತರಿಸಿದ್ರೆ ಚಾಕು ಎಳ್ಕೊಂಡು ಹೋಗುತ್ತೆ, ಪೂರ್ತಿ ಆರಿದ ಮೇಲೆ ಬಾದಾಮಿ ಇರೋ ಕಡೆ ಒಡೆಯುತ್ತೆ. ಮುಟ್ಟಿದ್ರೆ ಉಗುರು ಬೆಚ್ಚಗೆ ಅನ್ಸೋವಾಗ ಗೆರೆ ಹಾಕಿ, ಪೂರ್ತಿ ಆರಿದ ಮೇಲೆ ಬಿಡಿಸಿದೆ. 10 ಸೆ.ಮೀ. ಉದ್ದ 2 ಸೆ.ಮೀ. ಅಗಲ, ಒಟ್ಟು 20 ಬಾರ್, ತೂಕ ಒಂದೊಂದು 36 ಗ್ರಾಂ ಸುಮಾರು. ಲೆಕ್ಕ ಹಾಕಿದ್ರೆ ಒಂದಕ್ಕೆ 150 ಕ್ಯಾಲೊರಿ ಆಸುಪಾಸು, ಕಾರ್ಬೋಹೈಡ್ರೇಟ್ 20 ಗ್ರಾಂ ಹತ್ರ. ತಾಸಿಗೆ ಎರಡು ತಿಂದ್ರೆ ನಂಗೆ ಬೇಕಾದಷ್ಟು ಬಂತು.

ಜುಲೈ 20

ನಂದಿ. ಜೇಬಲ್ಲಿ ಆರು ಬಾರ್, ಒಂದೊಂದನ್ನೂ ಬಟರ್ ಪೇಪರಲ್ಲಿ ಚಾಕೊಲೇಟ್ ಥರ ಎರಡೂ ಕಡೆ ತಿರುಚಿ ಇಟ್ಟಿದ್ದೆ. ಕಾರಹಳ್ಳಿ ಕ್ರಾಸ್ ಹತ್ರ ಮೊದಲನೇದು, ಹಲ್ಲಲ್ಲಿ ತುದಿ ಕಚ್ಚಿ ಎಳೆದ್ರೆ ಪೇಪರ್ ಬಿಟ್ಕೊಳ್ತು, ನಿಲ್ಲಿಸೋದೇ ಬೇಕಾಗ್ಲಿಲ್ಲ. ಮೆತ್ತಗಿತ್ತು, ನಡುವೆ ಅಂಟು ಕರಕ್ ಅಂತಿತ್ತು. ಏರಿನ ಬುಡದಲ್ಲಿ ಇನ್ನೊಂದು. ಮೇಲೆ ಮುಟ್ಟೋವರೆಗೂ ಕಾಲು ನಿಲ್ಲಲಿಲ್ಲ! ಕೆಳಗೆ ಬಂದ್ಮೇಲೆ ಜೊತೆಗೆ ಬಂದಿದ್ದವರಿಗೆ ಎರಡು ಕೊಟ್ಟೆ, ಅವರಲ್ಲೊಬ್ರು ಬೆಳಗಾವಿ ಕಡೆಯೋರು, ಬಾಯಿಗೆ ಹಾಕಿದ ಕೂಡಲೇ "ಕರದಂಟು!" ಅಂದ್ರು. ನಾನೇನೂ ಹೇಳಿರ್ಲಿಲ್ಲ.

ಆಗಸ್ಟ್ 3

ಹದಿನೈದನೇ ದಿನ. ಉಳಿಸಿಟ್ಟ ಎರಡು ಬಾರ್ ತೆಗೆದು ನೋಡ್ದೆ. ಸ್ಟೀಲ್ ಡಬ್ಬೀಲಿ ಬಿಗಿಯಾಗಿ ಮುಚ್ಚಿಟ್ಟಿದ್ದು ಹಾಗೇ ಇದೆ. ಪರೀಕ್ಷೆಗೆ ಅಂತ ತಟ್ಟೆ ಮೇಲೆ ತೆರೆದಿಟ್ಟಿದ್ದು ಜಿಗುಟಾಗಿ, ಅಂಟಿನ ಗರಿ ಪೂರ್ತಿ ಹೋಗಿದೆ. ಅವ್ವ ಇದನ್ನೂ ಮೊದಲೇ ಹೇಳಿದ್ರು, "ಮಳಿಗಾಲದಾಗ ಬೆಲ್ಲ ನೀರೊಡೀತೈತಿ, ಗಾಳಿಗಿ ಬಿಡಬ್ಯಾಡ." ಇನ್ನೊಂದು, ಡಬ್ಬಿಯದ್ರಲ್ಲೂ ಕೊಬ್ಬರಿ ಚೂರು ಕಮಟು ವಾಸನೆ ಬರೋಕೆ ಶುರುವಾಗಿದೆ ಅನ್ನಿಸ್ತು. ಹಳೇ ಗಿಟುಕಾಗಿತ್ತು, ಮುಂದಿನ ಸಲ ಹೊಸ ತಿಪಟೂರು ಕೊಬ್ಬರಿ ತಂದು ಅವತ್ತೇ ತುರಿದು ಹುರೀತೀನಿ.

ಖರ್ಜೂರದ ಅರ್ಧ ಭಾಗ ತೆಗೆದು ಉತ್ತತ್ತಿ ಪುಡಿ ಹಾಕಿ ನೋಡೋದಿದೆ, ನಮ್ಮ ಕಡೆ ರುಚಿ ಬರೋದೇ ಅದರಿಂದ. ಅವ್ವ ಇನ್ನೊಂದು ಬ್ಯಾಚ್‌ಗೆ ಸ್ವಲ್ಪ ಅಳವಿ ಬೀಜ ಹಾಕು ಅಂತಿದ್ದಾರೆ. ಈ ವಾರ ಊರಿಗೆ ಹೋಗೋರಿದ್ದಾರೆ, ಅವರ ಕೈಲಿ ಹತ್ತು ಬಾರ್ ಕಳಿಸ್ತಿದೀನಿ, ಅವ್ವ ತಿಂದು ಪಾಕ ಹೆಂಗೈತಿ ಹೇಳ್ತೀನಿ ಅಂದಿದ್ದಾರೆ.