ಒಂದೇ ಬೆರಳಿನ ರಿಫ್

ಗಿಟಾರ್ ಪೂರ್ತಿ ಕಲಿತ ಮೇಲೇ ಮೆಟಲ್ (ಅಬ್ಬರದ ರಾಕ್) ಹಾಡು ಕಟ್ಟಬೇಕು ಅನ್ನೋ ಮಾತನ್ನು ನಾನು ನಂಬುವುದಿಲ್ಲ. ಎಲ್ಲಕ್ಕಿಂತ ದಪ್ಪನೆಯ ಆರನೇ ತಂತಿಯನ್ನು ಇ ಸ್ವರದಿಂದ ಡಿ ಸ್ವರಕ್ಕೆ ಇಳಿಸಿ. ದಪ್ಪನೆಯ ಮೂರು ತಂತಿಗಳ ಮೇಲೆ ಒಂದೇ ಬೆರಳು ಅಡ್ಡ ಇಟ್ಟರೆ ಪವರ್ ಕಾರ್ಡ್, ಅಂದರೆ ಎರಡೇ ಸ್ವರಗಳ ಗಟ್ಟಿ ಜೋಡಿ, ಸಿಗುತ್ತದೆ. ಬ್ರಿಡ್ಜ್ (ಗಿಟಾರಿನ ಮೈ ಮೇಲೆ ತಂತಿಗಳು ಕೂರುವ ಪಟ್ಟಿ) ಹತ್ತಿರ ಅಂಗೈ ಅಂಚನ್ನು ತಂತಿಗೆ ತಾಗಿಸಿ ಮೀಟಿದರೆ ಆ ಜಗ್ ಜಗ್ ಸದ್ದು. ಅಂಗೈ ನೆಕ್ (ಗಿಟಾರಿನ ಉದ್ದನೆಯ ಕತ್ತು) ಕಡೆ ಚೂರು ಜಾಸ್ತಿ ಜರುಗಿದರೂ ಸದ್ದು ಸತ್ತುಹೋಗುತ್ತದೆ. ಇನ್ನು ಎಲ್ಲೂ ಒತ್ತದೆ ಬರೀ ತಂತಿ, ಆಮೇಲೆ ಒಂದನೇ ಫ್ರೆಟ್ (ನೆಕ್ ಮೇಲಿನ ಮೊದಲ ಮನೆ) ಒತ್ತಿ, ಮತ್ತೆ ಬರೀ ತಂತಿ. ಹೀಗೆ ಮತ್ತೆ ಮತ್ತೆ ನುಡಿಸೋ ಚಿಕ್ಕ ತುಣುಕೇ ರಿಫ್. ಅಷ್ಟಕ್ಕೇ ಏನೋ ಕೇಡು ಕಾದಿದೆ ಅನ್ನಿಸುತ್ತದೆ, ಅಲ್ವಾ?

ಗೇನ್, ಅಂದರೆ ಆಂಪ್ಲಿಫೈಯರ್‌ನಲ್ಲಿ ಸದ್ದನ್ನು ಒರಟಾಗಿಸೋ ಮಟ್ಟ, ಮಾತ್ರ ಹದವಾಗಿರಲಿ. ಜಾಸ್ತಿಯಾದರೆ ಸ್ವರಗಳೆಲ್ಲ ಕಲಸಿಹೋಗುತ್ತವೆ.

ಬ್ಲ್ಯಾಕ್ ಸಬತ್ ಅನ್ನೋ ಮೆಟಲ್ ಬ್ಯಾಂಡಿನ ಗಿಟಾರ್ ವಾದಕ ಟೋನಿ ಐಯೋಮಿ ಕಾರ್ಖಾನೆಯ ಅಪಘಾತದಲ್ಲಿ ಎರಡು ಬೆರಳುಗಳ ತುದಿ ಕಳೆದುಕೊಂಡಿದ್ದರು. ಬೆರಳಿಗೆ ಟೋಪಿ ಮಾಡಿಕೊಂಡು, ತೆಳು ತಂತಿ ಹಾಕಿ, ಮುಂದೆ ಶ್ರುತಿಯನ್ನೂ ಇಳಿಸಿದರು. ಆ ಭಾರವಾದ ಸದ್ದಿನ ಹಿಂದೆ ಜನ ಇವತ್ತಿಗೂ ಬಿದ್ದಿದ್ದಾರೆ. ನನ್ನ ಹತ್ತೂ ಬೆರಳು ನೆಟ್ಟಗಿವೆ, ನೆಪ ಹೇಳೋ ಹಾಗಿಲ್ಲ.

ಹೊಳೆದ ರಿಫ್ ಎಲ್ಲ ಫೋನಿನಲ್ಲಿ ರೆಕಾರ್ಡ್ ಆಗುತ್ತಿವೆ. ಹಾಡು ಮಾತ್ರ ಆಗುತ್ತಿಲ್ಲ. ಒಂದು ರಿಫ್‌ನಿಂದ ಇನ್ನೊಂದಕ್ಕೆ ದಾಟೋ ಜಾಗವೇ ತಲೆನೋವು. ಸದ್ಯಕ್ಕೆ ಅಲ್ಲಿ ಗಿಟಾರ್ ನಿಲ್ಲಿಸಿ, ಸುಮ್ನೆ ಡ್ರಮ್ ಒಂದನ್ನೇ ಓಡಿಸಿ ನೋಡುತ್ತಿದ್ದೇನೆ.