ಸೂಪರ್‌ಜೂಮ್ ಸಾಕಾ, ಲೆನ್ಸ್ ಬದಲಿಸುವ ಕ್ಯಾಮೆರಾ ಬೇಕಾ?

ಹಕ್ಕಿ ಫೋಟೋ ಶುರು ಮಾಡುವವರು ಮೊದಲು ಕೇಳುವುದೇ "ಜೂಮ್ ಎಷ್ಟು?" ಅಂತ. ಲೆನ್ಸಿನ ಬಾಯಿ ಎಷ್ಟು ಅಗಲ ಅಂತ ಕೇಳಿ ಎನ್ನುತ್ತೇನೆ ನಾನು.

ನನ್ನದು ನಿಕಾನ್ ಪಿ900, ಸೂಪರ್‌ಜೂಮ್; ಅಂದರೆ ಲೆನ್ಸ್ ಕಳಚಲಾಗದ, ಜೂಮ್ ಜಾಸ್ತಿ ಇರುವ ಕ್ಯಾಮೆರಾ. 2015ರಲ್ಲಿ ಬಂದ ಮಾಡೆಲ್, 83 ಪಟ್ಟು ಜೂಮ್. ತಮ್ಮನದು ನಿಕಾನ್ ಡಿ7500, ಲೆನ್ಸ್ ಬದಲಿಸುವ ಡಿಎಸ್‌ಎಲ್‌ಆರ್ ಕ್ಯಾಮೆರಾ, ಅದಕ್ಕೆ 200-500 ಮಿ.ಮೀ. ಲೆನ್ಸ್. ರಂಗನತಿಟ್ಟಿನಲ್ಲಿ ಒಂದೇ ದೋಣಿಯಲ್ಲಿ ಕೂತು ಇಬ್ಬರೂ ಒಂದೇ ಹಕ್ಕಿಯನ್ನು ತೆಗೆಯುತ್ತೇವೆ. ಆಮೇಲೆ ಮನೆಯಲ್ಲಿ ಲ್ಯಾಪ್‌ಟಾಪಿನಲ್ಲಿ ಎರಡನ್ನೂ ದೊಡ್ಡದು ಮಾಡಿ ನೋಡುವುದೇ ಒಂದು ಖುಷಿ.

ಕೊಕ್ಕರೆಬೆಳ್ಳೂರಿನಂಥ ಜಾಗದಲ್ಲಿ ನನ್ನ ಕ್ಯಾಮೆರಾ ಏನೂ ಕಮ್ಮಿಯಿಲ್ಲ. ಊರೊಳಗಿನ ಹುಣಸೆ ಮರದಲ್ಲೇ ಹೆಜ್ಜಾರ್ಲೆ ಗೂಡು ಕಟ್ಟುತ್ತದೆ, ಒಳ್ಳೆ ಬಿಸಿಲಿರುತ್ತದೆ. ಫೋನಿನಲ್ಲಿ ನೋಡುವವರಿಗೆ ಯಾವ ಫೋಟೋ ಯಾರದ್ದು ಅಂತ ಗೊತ್ತೇ ಆಗುವುದಿಲ್ಲ.

ಬೆಳಕು ಇಳಿದಾಗ ವ್ಯತ್ಯಾಸ ಕಾಣುತ್ತದೆ. ಸಂಜೆ ಐಎಸ್‌ಒ (ಕಮ್ಮಿ ಬೆಳಕನ್ನು ಕ್ಯಾಮೆರಾ ಹಿಗ್ಗಿಸುವ ಅಳತೆ) 800 ದಾಟಿತೋ, ಬಣ್ಣದ ಕೊಕ್ಕರೆಯ ಆ ಚೆಂದದ ಗುಲಾಬಿ ಗರಿಗಳು ನನ್ನ ಫೋಟೋದಲ್ಲಿ ಕಲಸಿಹೋಗುತ್ತವೆ. ತಮ್ಮನದರಲ್ಲಿ ಒಂದೊಂದು ಎಳೆಯೂ ಬಿಡಿಬಿಡಿಯಾಗಿ ಕಾಣುತ್ತದೆ. ಪಿ900ರಲ್ಲಿ ರಾ ಫೈಲ್ (ಕ್ಯಾಮೆರಾ ತಿದ್ದದ ಮೂಲ ಚಿತ್ರ) ಕೂಡ ಇಲ್ಲ, ಆಮೇಲೆ ಸರಿಮಾಡೋಣ ಅಂದರೂ ಹೆಚ್ಚೇನೂ ಆಗದು.

ಇದಕ್ಕೆ ಎಲ್ಲರೂ ಬೆಳಕು ಹಿಡಿಯುವ ಚಿಪ್, ಅಂದರೆ ಸೆನ್ಸಾರ್ ಕಡೆ ಬೆರಳು ತೋರಿಸುತ್ತಾರೆ. ನನ್ನದು ಸುಮಾರು 6.2 × 4.6 ಮಿ.ಮೀ., ಕಿರುಬೆರಳಿನ ಉಗುರಿಗಿಂತ ಚಿಕ್ಕದು. ಡಿ7500ರದ್ದು ವಿಸ್ತೀರ್ಣದಲ್ಲಿ 13 ಪಟ್ಟು ದೊಡ್ಡದು. ನಿಜವೇ. ಆದರೆ ಲೆನ್ಸಿನ ಲೆಕ್ಕವನ್ನೂ ಹಾಕಬೇಕು, ಅಲ್ವಾ? ಪಿ900ರ ಪೂರ್ತಿ ಜೂಮ್ 2000 ಮಿ.ಮೀ. ಅನ್ನುವುದು ಫುಲ್‌ಫ್ರೇಮ್ (ಹಳೆಯ ಫಿಲ್ಮಿನಷ್ಟು ದೊಡ್ಡ ಸೆನ್ಸಾರ್) ಲೆಕ್ಕ. ಲೆನ್ಸಿನ ನಿಜವಾದ ಫೋಕಲ್ ಲೆಂತ್ 357 ಮಿ.ಮೀ. ಪೂರ್ತಿ ಜೂಮಿನಲ್ಲಿ ಅಪರ್ಚರ್ ಎಫ್ 6.5. 357ನ್ನು 6.5ರಿಂದ ಭಾಗಿಸಿದರೆ 55 ಮಿ.ಮೀ. ಬೆಳಕು ಒಳಗೆ ಬರುವ ಬಾಯಿ ಅಷ್ಟು. ತಮ್ಮನ ಲೆನ್ಸಿನಲ್ಲಿ 500 ಭಾಗಿಸು 5.6, ಅಂದರೆ 89 ಮಿ.ಮೀ. ಬೆಳಕು ಬಾಯಿಯ ವಿಸ್ತೀರ್ಣದ ಲೆಕ್ಕದಲ್ಲಿ ಬರುವುದರಿಂದ ಅದೇ ಹಕ್ಕಿಯಿಂದ ಎರಡೂವರೆ ಪಟ್ಟಿಗೂ ಜಾಸ್ತಿ ಬೆಳಕು ಅವನಿಗೆ ಸಿಗುತ್ತದೆ.

ಇದೇ ಲೆಕ್ಕವನ್ನು ಕ್ಯಾಮೆರಾ ಜೊತೆಗೇ ಬರುವ ಕಿಟ್ ಲೆನ್ಸಿಗೆ ಹಾಕಿ ನೋಡಿ. 18-55ರಲ್ಲಿ ಪೂರ್ತಿ ಜೂಮ್ ಮಾಡಿದರೂ (ಎಫ್ 5.6) ಬಾಯಿ ಬರೀ 10 ಮಿ.ಮೀ. ಡಿಎಸ್‌ಎಲ್‌ಆರ್ ಎಷ್ಟೇ ಒಳ್ಳೆಯದಿರಲಿ, ನದಿಯಾಚೆಯ ಹಕ್ಕಿ ಒಂದು ಚುಕ್ಕೆ. ಎಫ್ 6.3ರ 70-300 ಹಾಕಿದರೆ 48 ಮಿ.ಮೀ., ಅದೂ ನನ್ನದಕ್ಕಿಂತ ಕಮ್ಮಿ. ದೂರದಲ್ಲಿ ಸುಮ್ನೆ ಕೂತ ಹಕ್ಕಿಯ ವಿಷಯದಲ್ಲಿ ಪಿ900 ಅದಕ್ಕೆ ಸೋಲುವುದಿಲ್ಲ.

ಹಾರುವ ಹಕ್ಕಿಯದು ಬೇರೆಯೇ ಮಾತು. ನೀರಿಗೆ ಧುಮುಕುವ ರಿವರ್ ಟರ್ನ್ ಹಕ್ಕಿಯ ಹಿಂದೆ ನನ್ನ ಫೋಕಸ್ ಓಡಲಾರದು. ಡಿಎಸ್‌ಎಲ್‌ಆರ್ ಓಡುತ್ತದೆ, ಅದಕ್ಕೆ 70-300 ಹಾಕಿದ್ದರೂ. ಇನ್ನು ಮಧ್ಯಾಹ್ನದ ಬಿಸಿಗಾಳಿ ನೀರಿನ ಮೇಲೆ ನಡುಗುತ್ತಿದ್ದರೆ ದೂರದ ಹಕ್ಕಿ ಇಬ್ಬರಿಗೂ ಮಸುಕೇ.

ತಮ್ಮನ ಸೆಟ್ ಸುಮಾರು 3 ಕೆಜಿ, ನನ್ನದು 900 ಗ್ರಾಂ. ಭಾರ ಹೊರಲು ತಯಾರಿದ್ದೀರಾ, ಗರಿಯ ಎಳೆ ಎಳೆಯೂ ಬೇಕಾ? ಹಾಗಾದರೆ ಹಳೆಯ ಬಾಡಿ (ಲೆನ್ಸಿಲ್ಲದ ಕ್ಯಾಮೆರಾ) ತಗೊಂಡು ಉಳಿದ ದುಡ್ಡನ್ನೆಲ್ಲ ಸೆಕೆಂಡ್‌ಹ್ಯಾಂಡ್ 200-500ಗೆ ಹಾಕಿ. ಅಷ್ಟು ಆಗದಿದ್ದರೆ ಸೂಪರ್‌ಜೂಮ್ ತಗೊಳ್ಳಿ. ಹಕ್ಕಿಗಾಗಿ ಹೊಸ ಡಿಎಸ್‌ಎಲ್‌ಆರ್ ಕೊಂಡು ಕಿಟ್ ಲೆನ್ಸಿನಲ್ಲೇ ನಿಲ್ಲಬೇಡಿ.