ಯಾವ ಪ್ರಯೋಗ ಬೇಡ ಎಂದು ಗೊತ್ತಾದ ದಿನ

ಥೀಸಿಸ್ ಬರೆಯಲು ಯಾವಾಗ ಕೂರಬೇಕು? ನಮ್ಮ ಲ್ಯಾಬಿನಲ್ಲಿ ಇದಕ್ಕೆ ಇದ್ದದ್ದು ಒಂದೇ ಉತ್ತರ: ಪ್ರಯೋಗಗಳೆಲ್ಲ ಮುಗಿದ ಮೇಲೆ. ಆದರೆ ಪ್ರಯೋಗಗಳು ತಾವಾಗಿಯೇ ಮುಗಿಯುವುದಿಲ್ಲ. ನನ್ನ ವಿಷಯ, ಉಕ್ಕು ತುಕ್ಕು ಹಿಡಿಯದಂತೆ ಹಚ್ಚುವ ತೆಳು ಲೇಪನ. ಒಂದು ದಪ್ಪದಲ್ಲಿ ಚೆನ್ನಾಗಿ ಬಂತು ಅಂದರೆ ಇನ್ನೊಂದು ದಪ್ಪದಲ್ಲಿ ನೋಡೋಣ ಅನ್ನಿಸುತ್ತದೆ. ಅದಾದ ಮೇಲೆ ಬೇರೆ ತಾಪಮಾನ, ಬೇರೆ ದ್ರಾವಣ. ಸಂಶೋಧನೆಯ ಸೊಗಸು ಇರುವುದೇ ಅಲ್ಲಿ. ಬರೆಯುವುದನ್ನು ಮುಂದೂಡಲು ಒಳ್ಳೆಯ ಕಾರಣ ಸಿಗುವುದೂ ಅಲ್ಲೇ.

ಫೆಲೋಶಿಪ್‌ನ ಕೊನೆಯ ವರ್ಷ ಶುರುವಾದಾಗ, ಇನ್ನೂ ಆಗಬೇಕಾದ ಪ್ರಯೋಗಗಳ ಪಟ್ಟಿ ಹಿಡಿದುಕೊಂಡು ಗೈಡ್ ಹತ್ತಿರ ಹೋದೆ. "ಇಷ್ಟು ಮುಗಿಸಿ ಬರೆಯೋಕೆ ಶುರು ಮಾಡ್ತೀನಿ ಮೇಡಂ" ಅಂದೆ. ಅವರು ಪಟ್ಟಿಯನ್ನು ಪಕ್ಕಕ್ಕಿಟ್ಟರು. "ನಾಳೆ ನಿನ್ನ ಗ್ರಾಫ್‌ಗಳನ್ನೆಲ್ಲ ಪ್ರಿಂಟ್ ತೆಗೆದುಕೊಂಡು ಬಾ. ಬೇರೇನೂ ಬೇಡ."

ಮಾರನೇ ದಿನ ಉದ್ದದ ಮೇಜಿನ ಮೇಲೆ ಎಲ್ಲವನ್ನೂ ಹರಡಿದೆವು. ಮೇಡಂ ಒಂದೊಂದೇ ಹಾಳೆ ಎತ್ತಿ ಕೇಳುತ್ತಾ ಹೋದರು: "ಇದು ಏನು ಹೇಳುತ್ತೆ? ಒಂದೇ ವಾಕ್ಯದಲ್ಲಿ ಹೇಳು." ಹೇಳಿದ ವಾಕ್ಯವನ್ನು ಅದೇ ಹಾಳೆಯ ಕೆಳಗೆ ಪೆನ್ಸಿಲ್‌ನಲ್ಲಿ ಬರೆಸಿದರು. ಸಾಲ್ಟ್ ಸ್ಪ್ರೇ ಟೆಸ್ಟಿನ ಗ್ರಾಫ್‌ಗಳಿಗೆ ವಾಕ್ಯ ಬೇಗ ಸಿಕ್ಕಿತು. ಲೇಪನ ಹಚ್ಚಿದ ತುಂಡುಗಳನ್ನು 35 ಡಿಗ್ರಿ ಸೆಲ್ಸಿಯಸ್‌ನ ಮುಚ್ಚಿದ ಪೆಟ್ಟಿಗೆಯಲ್ಲಿಟ್ಟು, ಶೇ. 5ರ ಉಪ್ಪುನೀರನ್ನು ಮಂಜಾಗಿ ಬಿಡುತ್ತಲೇ ಇರುವ ಪರೀಕ್ಷೆ ಅದು. ಎಷ್ಟು ಗಂಟೆಗೆ ತುಕ್ಕು ಕಾಣಿಸಿತು ಅನ್ನುವುದನ್ನು ನೋಡುತ್ತೇವೆ, ಅಷ್ಟೇ. ಎಲೆಕ್ಟ್ರಾನ್ ಮೈಕ್ರೋಸ್ಕೋಪಿನ ಚಿತ್ರಗಳಿಗೂ ಕಷ್ಟವಾಗಲಿಲ್ಲ. ಇನ್ನು ಕೆಲವು ಗ್ರಾಫ್‌ಗಳು ಆಗಲೇ ಹೇಳಿದ್ದನ್ನೇ ಮತ್ತೆ ಹೇಳುತ್ತಿದ್ದವು. ಅವನ್ನು ಒಂದರ ಮೇಲೊಂದು ಪೇರಿಸಿದೆವು.

ಆಮೇಲೆ ಗ್ರಾಫ್ ನೋಡುವುದನ್ನು ಬಿಟ್ಟು ಪೆನ್ಸಿಲ್ ವಾಕ್ಯಗಳನ್ನು ಮಾತ್ರ ಓದುತ್ತಾ ಹಾಳೆಗಳ ಜಾಗ ಬದಲಿಸಿದೆವು. ಮಧ್ಯಾಹ್ನದ ಹೊತ್ತಿಗೆ ಮೂರು ಅಧ್ಯಾಯಗಳು ಕಾಣತೊಡಗಿದವು. ಎರಡನೆಯದರಿಂದ ಮೂರನೆಯದಕ್ಕೆ ಹೋಗಲು ಮಾತ್ರ ಒಂದು ವಾಕ್ಯ ಕಡಿಮೆ ಬಿತ್ತು. ಲೇಪನ ತುಕ್ಕನ್ನು ಹೆಚ್ಚು ಕಾಲ ತಡೆಯುತ್ತದೆ ಅಂತ ತೋರಿಸಿಯಾಗಿತ್ತು. ಅಷ್ಟು ಹೊತ್ತು ಉಪ್ಪುನೀರಿನಲ್ಲಿ ಇದ್ದ ಮೇಲೂ ಅದು ಉಕ್ಕನ್ನು ಮೊದಲಿನಷ್ಟೇ ಗಟ್ಟಿಯಾಗಿ ಹಿಡಿದಿರುತ್ತದಾ? ಅದಕ್ಕೆ ಅಡ್ಹೀಶನ್ ಟೆಸ್ಟ್ ಬೇಕೇ ಬೇಕು. ನನ್ನ ಪಟ್ಟಿಯಲ್ಲಿ ಅದು ತೀರಾ ಕೆಳಗಿತ್ತು.

ಪಟ್ಟಿ ಹೊರಬಂದದ್ದು ಆಗಲೇ. ಉಳಿದ ಪ್ರತಿ ಪ್ರಯೋಗಕ್ಕೂ ಮೇಡಂ ಕೇಳಿದ್ದು ಒಂದೇ ಪ್ರಶ್ನೆ. "ಇದರ ಫಲಿತಾಂಶ ನೀನು ಅಂದುಕೊಂಡಿದ್ದಕ್ಕೆ ಉಲ್ಟಾ ಬಂತು ಅಂತಿಟ್ಕೋ. ಈ ಹಾಳೆಗಳ ಮೇಲಿರೋ ಯಾವ ವಾಕ್ಯ ಬದಲಾಗುತ್ತೆ?" ಬೇರೆ ತಾಪಮಾನದ ಪ್ರಯೋಗದ ಬಗ್ಗೆ ತುಂಬಾ ಹೊತ್ತು ವಾದ ಮಾಡಿದೆ. ಅದು ನನಗೆ ಇಷ್ಟವಾದ ಪ್ರಯೋಗ. ಆದರೆ ಬದಲಾಗುವ ಒಂದು ವಾಕ್ಯವನ್ನೂ ತೋರಿಸಲು ಆಗಲಿಲ್ಲ. ಬರೆಯಲು ಶುರು ಮಾಡುವ ಹೊತ್ತು ಬಂದಿದೆಯಾ ಅಂತ ತಿಳಿಯಲು ಇದಕ್ಕಿಂತ ನೇರವಾದ ಪ್ರಶ್ನೆ ನನಗೆ ಇವತ್ತಿಗೂ ಸಿಕ್ಕಿಲ್ಲ. ಎಷ್ಟು ಡೇಟಾ ಇದೆ, ಎಷ್ಟು ಪೇಪರ್ ಆಗಿದೆ ಅನ್ನುವ ಲೆಕ್ಕ ಇದರ ಮುಂದೆ ನಿಲ್ಲುವುದಿಲ್ಲ.

ಕಾಯುವುದನ್ನು ಸಮರ್ಥಿಸುವವರು ಡಾರ್ವಿನ್ ಹೆಸರು ಹೇಳುವುದುಂಟು. ಅವನು ಇಪ್ಪತ್ತು ವರ್ಷ ಕಾದ ಅಲ್ವಾ ಅನ್ನುತ್ತಾರೆ. ಅವನು ಕಾದದ್ದು ಪ್ರಕಟಿಸಲು, ಬರೆಯಲು ಅಲ್ಲ. 1842ರಲ್ಲೇ ತನ್ನ ವಿಕಾಸ ಸಿದ್ಧಾಂತವನ್ನು 35 ಪುಟಗಳಲ್ಲಿ ಪೆನ್ಸಿಲ್‌ನಿಂದ ಬರೆದಿಟ್ಟಿದ್ದ. 1844ರಲ್ಲಿ ಅದು ಸುಮಾರು 230 ಪುಟಗಳಾಗಿ ಬೆಳೆದಿತ್ತು. ಪುಸ್ತಕ ಬಂದದ್ದು 1859ರಲ್ಲಿ. ನಡುವಿನ ಅಷ್ಟೂ ವರ್ಷ ಅವನ ಕೈಯಲ್ಲಿ ಒಂದು ಕರಡು ಇತ್ತು.

ಅದೇ ವಾರ ಬರೆಯಲು ಕೂತೆ. ಅಡ್ಹೀಶನ್ ಟೆಸ್ಟಿಗೆ ಯಂತ್ರದ ಸರದಿ ಬರಬೇಕಿತ್ತು. ಅಲ್ಲಿಯವರೆಗೆ ಕಾಯಲಿಲ್ಲ. ಮೊದಲು ಹಿಡಿದದ್ದು ಪ್ರಯೋಗ ವಿಧಾನದ ಅಧ್ಯಾಯ. ಪೀಠಿಕೆಯಿಂದ ಶುರು ಮಾಡು ಅಂತ ಎಷ್ಟೋ ಜನ ಹೇಳುತ್ತಾರೆ, ನಾನು ಒಪ್ಪುವುದಿಲ್ಲ. ಕೊನೆಗೆ ಏನು ಹೇಳಿದ್ದೇವೆ ಅಂತ ಗೊತ್ತಾಗದೆ ಪೀಠಿಕೆ ಬರೆಯುವುದು ಹೇಗೆ? ವಿಧಾನದ ಕಥೆ ಬೇರೆ. ಲ್ಯಾಬ್ ನೋಟ್‌ಬುಕ್ ಮುಂದಿದ್ದರೆ ಸಾಕು, ಕೈ ಓಡುತ್ತದೆ. ಎಲ್ಲಕ್ಕಿಂತ ಬೇಗ ಮರೆತು ಹೋಗುವುದೂ ಅದೇ. ತುಂಡನ್ನು ಯಾವುದರಿಂದ ತೊಳೆದೆ, ಎಷ್ಟು ಹೊತ್ತು ಒಣಗಿಸಿದೆ, ಇದೆಲ್ಲ ಎರಡು ವರ್ಷ ಬಿಟ್ಟರೆ ಯಾರಿಗೆ ನೆನಪಿರುತ್ತದೆ?

ಆ ಅಧ್ಯಾಯಕ್ಕೆಂದು ಎಲ್ಲ ತುಂಡುಗಳ ವಿವರವನ್ನು ಮೊದಲ ಸಲ ಒಂದೇ ಕೋಷ್ಟಕಕ್ಕೆ ಹಾಕಿದೆ. ಯಾವ ಎಮರಿ ಪೇಪರ್‌ನಿಂದ ಉಜ್ಜಿದ್ದು ಅನ್ನುವುದು ಒಂದು ಕಾಲಂ, ತುಕ್ಕು ಕಾಣಲು ಹಿಡಿದ ಗಂಟೆಗಳು ಇನ್ನೊಂದು. ಸ್ವಲ್ಪ ಒರಟಾಗಿ ಉಜ್ಜಿದ ತುಂಡುಗಳು ಜಾಸ್ತಿ ಹೊತ್ತು ತಾಳಿದ್ದವು. ಒರಟು ಮೈಯಲ್ಲಿ ಲೇಪನ ತಗ್ಗುಗಳೊಳಗೆ ಇಳಿದು ಹಿಡಿತ ಹೆಚ್ಚುತ್ತದೆ ಅನ್ನುವುದು ಈ ಕ್ಷೇತ್ರದಲ್ಲಿ ತಿಳಿದ ಮಾತು. ಆದರೆ ನನ್ನ ಸ್ವಂತ ಅಂಕಿಗಳಲ್ಲಿ ಅದು ಕೂತಿದೆ ಅಂತ ಕಂಡದ್ದು ಕೋಷ್ಟಕ ಬರೆಯುವಾಗ. ಯಾವ ಯಂತ್ರವೂ ಅದನ್ನು ತೋರಿಸಿರಲಿಲ್ಲ. ಅಡ್ಹೀಶನ್ ಟೆಸ್ಟಿಗೆ ಎರಡೂ ಬಗೆಯ ತುಂಡುಗಳನ್ನು ಕಳಿಸಿದೆ. ಬರೆಯದೇ ಕಾದಿದ್ದರೆ ಒಂದೇ ಬಗೆಯದು ಹೋಗುತ್ತಿತ್ತು.

ಫಲಿತಾಂಶ ಬರುವಷ್ಟರಲ್ಲಿ ಎರಡು ಅಧ್ಯಾಯಗಳು ಮೇಡಂ ಕೈಯಲ್ಲಿದ್ದವು. ಬಿಟ್ಟ ಪ್ರಯೋಗಗಳು ಕೊನೆಯ ಅಧ್ಯಾಯದ 'ಮುಂದಿನ ಕೆಲಸ' ಭಾಗಕ್ಕೆ ಹೋದವು. ವೈವಾದಲ್ಲಿ ಪರೀಕ್ಷಕರು ಕೇಳಿದ್ದು ಅದೇ ತಾಪಮಾನದ ಪ್ರಯೋಗವನ್ನು. ಈ ಥೀಸಿಸ್‌ನ ಯಾವ ತೀರ್ಮಾನವೂ ಅದರ ಮೇಲೆ ನಿಂತಿಲ್ಲ ಅಂತ ಅಧ್ಯಾಯ ತೆಗೆದು ತೋರಿಸಿದೆ. ಅವರು ಮುಂದಿನ ಪ್ರಶ್ನೆಗೆ ಹೋದರು.